ಅರವತ್ತೈದನೆಯ ದಿನ

ಎಡಗಡೆಯ ಅರ್ಧ ತಲೆಗೆ ಸಣ್ಣ ಸಣ್ಣ ಜಡೆ ಹೆಣೆದು ಮುಗಿದಿತ್ತು. ಬಲಗಡೆಯದು ಇನ್ನೂ ಬಾಚಣಿಗೆಗೆ ಸಿಕ್ಕಿರಲಿಲ್ಲ, ಪೊದೆಯ ಹಾಗೆ ಎದ್ದು ನಿಂತಿತ್ತು. ಡೆಲ್ಫೀನ್ ಕನ್ನಡಿಯ ಮುಂದೆ ಕುಳಿತಿದ್ದರೂ ತನ್ನ ಮುಖ ನೋಡಿಕೊಳ್ಳುತ್ತಿರಲಿಲ್ಲ. ಕನ್ನಡಿಯ ಮೇಲ್ಮೂಲೆಯಲ್ಲಿ ಸೋಪಿನಿಂದ ಬರೆದಿದ್ದ ಎರಡು ಹೆಸರುಗಳನ್ನು, ಅವುಗಳ ಮುಂದಿದ್ದ ಅಂಕಿಗಳನ್ನು ನೋಡುತ್ತಿದ್ದಳು. ಹೋದ ಶನಿವಾರದವರೆಗೂ ಅಲ್ಲಿ ಅವಳ ಹೆಸರೂ ಇತ್ತು.

ಟಲ್ಲಿ ಬೆಂಡ್ ಊರಿನಲ್ಲಿ ಮಗು ಹುಟ್ಟಿದರೆ ಮೂರು ಶಾಸ್ತ್ರ ಆಗಲೇಬೇಕು. ಭಾನುವಾರ ಚರ್ಚಿನಲ್ಲಿ ಹೆಸರು ಕೂಗಬೇಕು. ಅಜ್ಜಿಯರು ಬಂದು ಮಗುವಿನ ಕಿವಿಯ ತುದಿ ಮಗುಚಿ ನೋಡಿ, ಮುಂದೆ ಮೈಬಣ್ಣ ಯಾವುದಕ್ಕೆ ತಿರುಗುತ್ತದೆಂದು ತೀರ್ಪು ಕೊಡಬೇಕು. ತಾಯಿಯ ಹೆಸರು ಮಿಸ್ ವರ್ಲೀನಳ ಪಾರ್ಲರಿನ ಕನ್ನಡಿಗೆ ಏರಬೇಕು. ಹೆಸರಿನ ಮುಂದೆ ಅರವತ್ತು ಎಂದು ಬರೆದು, ಮಿಸ್ ವರ್ಲೀನ್ ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಂದೊಂದು ಕಳೆಯುತ್ತ ಬರುತ್ತಿದ್ದಳು. ಬಡ ಹೆಂಗಸು ಬಸುರಾದರೆ ಸರ್ಕಾರ ಪುಕ್ಕಟೆ ಚಿಕಿತ್ಸೆಯ ಮೆಡಿಕೇಡ್ ಕಾರ್ಡು ಕೊಡುತ್ತದೆ, ಹೆರಿಗೆಯಾದ ಅರವತ್ತನೆಯ ದಿನಕ್ಕೆ ಆ ಕಾರ್ಡು ಸಾಯುತ್ತದೆ. ಅಷ್ಟರೊಳಗೆ ಹಲ್ಲು, ಕಣ್ಣು, ರಕ್ತ, ಬಿಪಿ, ಇನ್ನೇನಿದೆಯೋ ಎಲ್ಲ ನೋಡಿಸಿಕೊಂಡುಬಿಡಬೇಕು. ಊರಿನ ಹೆಂಗಸರು ಇದಕ್ಕೆ ಅರವತ್ತರ ಓಟ ಎನ್ನುತ್ತಿದ್ದರು.

ಇದನ್ನು ಶುರುಮಾಡಿದವಳು ಮಿಸ್ ವರ್ಲೀನಳೇ. ಮೂವತ್ತೊಂದು ವರ್ಷದ ಹಿಂದೆ, ಮೂರನೆಯ ಹೆರಿಗೆಯ ಅರವತ್ತೊಂದನೆಯ ದಿನ ಅವಳಿಗೆ ದವಡೆ ಹಲ್ಲು ನೋವು ಬಂತು. ಹಲ್ಲನ್ನು ಉಳಿಸಬಹುದಿತ್ತು, ಉಳಿಸಲು ಕಾರ್ಡಿರಲಿಲ್ಲ. ಕೊನೆಗೆ ಗಂಡನ ಅಣ್ಣ ಅಡುಗೆಮನೆಯಲ್ಲಿ ಕೂರಿಸಿ ಕಿತ್ತ. ಆಕೆ ಬಾಯ್ತುಂಬ ನಕ್ಕರೆ ಇವತ್ತಿಗೂ ಆ ಕಂಡಿ ಕಾಣುತ್ತದೆ.

"ತಲೆ ಎತ್ತು ಮಗಳೇ. ಕುತ್ತಿಗೆ ಯಾಕೆ ಹೀಗೆ ಜೋಲ್ತಾ ಇದೆ?" ಮಿಸ್ ವರ್ಲೀನ್ ಅವಳ ಗದ್ದ ಎತ್ತಿ ಹಿಡಿದಳು.

"ನಿದ್ದೆ ಇಲ್ಲ, ಮಿಸ್ ವರ್ಲೀನ್."

"ಎರಡು ತಿಂಗಳ ಮಗು ಇಟ್ಕೊಂಡು ನಿದ್ದೆ ಕೇಳ್ತೀಯಾ? ಮಹಾರಾಣಿ!"

ಡೆಲ್ಫೀನ್ ನಕ್ಕಳು. ಕಾಲ ಬಳಿ ಮಗುವಿನ ಬುಟ್ಟಿಕುರ್ಚಿಯಲ್ಲಿ ನಯೋಮಿ ಮುಷ್ಟಿ ಬಿಗಿಹಿಡಿದು ಮಲಗಿತ್ತು. ನಿದ್ದೆಗೆಡಿಸುತ್ತಿದ್ದುದು ಮಗುವಲ್ಲ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಮೂರು ವಾರಗಳಿಂದ ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ನೀರು ತುಂಬಿದ ಚೀಲ ಇಟ್ಟಹಾಗಾಗುತ್ತಿತ್ತು. ಹಾಗಾಗಿ ಕುರ್ಚಿಯಲ್ಲಿ ಕುಳಿತೇ ಬೆಳಗು ಮಾಡುತ್ತಿದ್ದಳು. ಗಂಡ ಕೋರ್ಡೆಲ್ ನದಿಯ ಮೇಲೆ ಸರಕಿನ ದೋಣಿಯಲ್ಲಿ ಕೆಲಸಕ್ಕಿದ್ದ. ಹೋದರೆ ಇಪ್ಪತ್ತೆಂಟು ದಿನ ಅತ್ತ, ಬಂದರೆ ಹದಿನಾಲ್ಕು ದಿನ ಇತ್ತ. ಅವನು ಫೋನಿನಲ್ಲಿ ಹೇಗಿದ್ದೀಯ ಎಂದರೆ "ಚೆನ್ನಾಗಿದ್ದೀನಿ" ಎನ್ನುತ್ತಿದ್ದಳು. ನದಿಯ ನಡುವೆ ಇರುವವನಿಗೆ ಹೇಳಿ ಏನು ಮಾಡುವುದು?

ಆರನೆಯ ವಾರದ ತಪಾಸಣೆಗೆ ಹೋದಾಗ ನರ್ಸು ಎದೆಗೆ ಸ್ಟೆತಸ್ಕೋಪ್ ಇಟ್ಟು, ಎರಡು ಸಲ ಕೇಳಿ, ಮುಖ ಗಂಟಿಕ್ಕಿದ್ದಳು. ಹೃದಯದ ಡಾಕ್ಟರನ್ನು ನೋಡಲೇಬೇಕು ಎಂದಳು. ಆ ಡಾಕ್ಟರು ದೂರದ ನಗರದವರು. ಈ ಕಡೆಗೆ ಬರುವುದು ತಿಂಗಳ ಎರಡನೆಯ ಗುರುವಾರ ಮಾತ್ರ, ಅದೂ ಇಪ್ಪತ್ತೆರಡು ಮೈಲಿ ಆಚೆಯ ಮಾರ್ವಿನ್ ಊರಿನ ಕ್ಲಿನಿಕ್ಕಿಗೆ. ಸಿಕ್ಕ ದಿನ ಅಕ್ಟೋಬರ್ ಒಂಬತ್ತು, ಮಧ್ಯಾಹ್ನ ಎರಡೂವರೆ. ಡೆಲ್ಫೀನ್ ಮನೆಗೆ ಬಂದು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದಳು. ಅರವತ್ತೈದನೆಯ ದಿನ. ಮತ್ತೊಮ್ಮೆ ಎಣಿಸಿದಳು. ಅಷ್ಟೇ ಬಂತು.

ಈ ಸೋಮವಾರ ತಾನೇ ಫೋನು ಮಾಡಿ, ಬರಲಾಗುವುದಿಲ್ಲ, ಬೇರೆಯವರಿಗೆ ಕೊಡಿ ಎಂದುಬಿಟ್ಟಿದ್ದಳು. ಯಾಕೆಂದು ಅತ್ತಲಿನವರು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಅರವತ್ತು ಎಂದರೆ ಅರವತ್ತು. ಅದನ್ನು ಯಾರಾದರೂ ವಿಚಾರಿಸುತ್ತಾರೆಯೇ? ಸೂರ್ಯ ಯಾವ ಕಡೆ ಮುಳುಗುತ್ತಾನೆ ಎಂದು ಯಾರೂ ಆಫೀಸಿಗೆ ಫೋನು ಮಾಡಿ ಕೇಳುವುದಿಲ್ಲ. ಸರ್ಕಾರದಿಂದ ಒಂದು ಪತ್ರವೇನೋ ಬಂದಿತ್ತು. ಮೊದಲ ಸಾಲಿನಲ್ಲೇ ನಿಮ್ಮ ಸೌಲಭ್ಯದಲ್ಲಿ ಬದಲಾವಣೆ ಎಂದಿತ್ತು. ಸರ್ಕಾರದ ಬದಲಾವಣೆ ಯಾವತ್ತು ಒಳ್ಳೆಯದಕ್ಕಾಗಿದೆ? ಮಡಿಸಿ ಡ್ರಾಯರಿಗೆ ತಳ್ಳಿದ್ದಳು.

ಇವತ್ತು ಆ ಗುರುವಾರವೇ. ಸೋಮವಾರದಿಂದ ಮತ್ತೆ ಕ್ಯಾಟ್‌ಫಿಶ್ ಕಾರ್ಖಾನೆಗೆ ಹೋಗಬೇಕು, ನೀರಿನಲ್ಲಿ ನಿಂತು ಮೀನು ಸೀಳಬೇಕು. ತಲೆಗೆ ಬಲೆ ಕಟ್ಟಿಕೊಳ್ಳಲು ಜಡೆಯೇ ಅನುಕೂಲ. ಎರಡೂವರೆ ಗಂಟೆ ಬರುವಾಗ ಮನೆಯಲ್ಲಿ ಒಬ್ಬಳೇ ಗಡಿಯಾರ ನೋಡುತ್ತ ಕೂರುವುದು ಬೇಡವೆಂದೇ ಹೊತ್ತು ನೋಡಿ ಇಲ್ಲಿಗೆ ಬಂದಿದ್ದಳು.

ಪಾರ್ಲರಿನಲ್ಲಿ ಇನ್ನಿಬ್ಬರಿದ್ದರು. ಎಪ್ಪತ್ತು ದಾಟಿದ ಮಿಸ್ ಹ್ಯಾಟಿ, ತಲೆಗೆ ಬಣ್ಣ ಬಳಿಸಿಕೊಂಡು ಪ್ಲಾಸ್ಟಿಕ್ ಟೋಪಿ ಹಾಕಿ ಕುಳಿತಿದ್ದಳು. ಇನ್ನೊಬ್ಬಳು ರೆನೆಟಾ. ಪಕ್ಕದ ಕೌಂಟಿಯವಳು, ತಂಗಿಯ ಮನೆಗೆ ಬಂದವಳು ತಲೆ ತೊಳೆಸಿಕೊಂಡು ಹೋಗೋಣವೆಂದು ಬಂದಿದ್ದಳು.

"ಡೆಲ್ಫೀನ್ ಹಲ್ಲು ತೋರಿಸ್ಕೊಂಡ್ಲು, ಕಣ್ಣು ತೋರಿಸ್ಕೊಂಡ್ಲು," ಮಿಸ್ ವರ್ಲೀನ್ ಹೆಮ್ಮೆಯಿಂದ ಹೇಳಿದಳು. "ಅರವತ್ತರೊಳಗೆ ಎಲ್ಲಾ ಮುಗಿಸಿದ್ಲು. ನನ್ನ ಹುಡುಗೀರಲ್ಲಿ ಇವಳಷ್ಟು ಚುರುಕಿನವಳು ಇಲ್ಲ."

"ಯಾವ ಅರವತ್ತು?" ಎಂದಳು ರೆನೆಟಾ.

"ಯಾವ ಅರವತ್ತು ಅಂತಾಳೆ ನೋಡಿ! ನೀನು ಹೆತ್ತಿಲ್ವೇನೇ?"

"ಎರಡು ಹೆತ್ತಿದ್ದೀನಿ. ಅದು ಹಳೇ ಕಥೆ. ಈಗ ಒಂದು ವರ್ಷ ಅಲ್ವಾ? ನನ್ನ ಸೊಸೆ ಮಗೂಗೆ ಎಂಟು ತಿಂಗಳು, ಹಲ್ಲು ಬಂದಿದೆ, ಕಚ್ಚುತ್ತೆ. ಮೊನ್ನೆ ಮಂಗಳವಾರ ಅದೇ ಕಾರ್ಡು ತೋರಿಸಿ ಥೈರಾಯ್ಡ್ ಪರೀಕ್ಷೆ ಮಾಡಿಸ್ಕೊಂಡು ಬಂದ್ಲು."

ಮಿಸ್ ಹ್ಯಾಟಿ ಪ್ಲಾಸ್ಟಿಕ್ ಟೋಪಿಯೊಳಗಿಂದಲೇ ಹೂಂಕರಿಸಿದಳು. "ಸರ್ಕಾರ ಒಂದು ವರ್ಷ ಕೊಡುತ್ತಂತೆ! ಹೌದೌದು. ಸತ್ತ ನನ್ನ ಗಂಡ ನಾಳೆ ಎದ್ದು ಬಂದು ಅಂಗಳದ ಹುಲ್ಲು ಕತ್ತರಿಸ್ತಾನೆ."

"ಬದುಕಿದ್ದಾಗ್ಲೇ ಕತ್ತರಿಸ್ಲಿಲ್ವಲ್ಲ ಅವರು, ಮಿಸ್ ಹ್ಯಾಟಿ," ಎಂದಳು ಮಿಸ್ ವರ್ಲೀನ್.

"ಅದಕ್ಕೇ ಹೇಳಿದ್ದು."

"ನಿಮ್ಮ ಕೌಂಟೀಲಿ ಇರ್ಬೋದು," ಎಂದಳು ಮಿಸ್ ವರ್ಲೀನ್, ಜಡೆ ಎಳೆಯುತ್ತ.

"ಕೌಂಟಿಗೊಂದು ಕಾನೂನು ಇರುತ್ತಾ? ಇಡೀ ರಾಜ್ಯಕ್ಕೆ ಅಂತೆ. ಮೂರು ಮೂರು ವರ್ಷ ಕಿತ್ತಾಡಿ ಪಾಸು ಮಾಡಿದ್ರಲ್ಲ. ನೀವೇನು ಇಲ್ಲಿ ನದಿ ತಳದಲ್ಲಿ ಇದ್ದೀರಾ?"

ಡೆಲ್ಫೀನಳ ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು. ಆಸೆ ಪಡುವುದಕ್ಕೂ ಉಸಿರು ಬೇಕು, ಅವಳಲ್ಲಿ ಉಸಿರೇ ಕಡಿಮೆ ಇತ್ತು. ಆದರೂ ಬಗ್ಗಿ ಮಗುವಿನ ಚೀಲದ ಜಿಪ್ಪೆಳೆದು, ಡೈಪರುಗಳ ಕೆಳಗಿಂದ ಕಾರ್ಡನ್ನು ತೆಗೆದಳು. ಸತ್ತಿದೆ ಎಂದುಕೊಂಡ ಮೇಲೂ ಅದನ್ನು ಎಸೆಯಲು ಮನಸ್ಸು ಬಂದಿರಲಿಲ್ಲ.

"ಹಿಂದ್ಗಡೆ ಒಂದು ನಂಬರ್ ಇದೆ," ಎಂದಳು.

"ಮಾಡು," ಎಂದಳು ರೆನೆಟಾ. "ಸ್ಪೀಕರ್ ಹಾಕು. ನಾನು ಸುಳ್ಳಾಡಿದ್ರೆ ಇವತ್ತು ಎಲ್ಲರ ತಲೆಗೂ ನಾನೇ ದುಡ್ಡು ಕೊಡ್ತೀನಿ."

"ಬಣ್ಣ ಹಾಕಿಸಿದ್ದೂ ಸೇರಿಸಿ ತಾನೇ?" ಎಂದಳು ಮಿಸ್ ಹ್ಯಾಟಿ.

ಫೋನನ್ನು ಬಾಚಣಿಗೆಗಳ ನಡುವೆ ಇಟ್ಟರು. ಒಂದು ಒತ್ತಿ, ಎರಡು ಒತ್ತಿ, ಹುಟ್ಟಿದ ದಿನ ಹೇಳಿ ಎಂದೆಲ್ಲ ಆಗಿ, ಸಂಗೀತ ಶುರುವಾಯಿತು. ಅದೇ ನಾಲ್ಕು ಸ್ವರ, ಸುತ್ತಿ ಸುತ್ತಿ. ಐದು ನಿಮಿಷ, ಹತ್ತು ನಿಮಿಷ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಒಂದು ಗಂಡು ಧ್ವನಿ ನಡುನಡುವೆ ಹೇಳುತ್ತಿತ್ತು.

"ನನ್ನ ಎರಡನೇ ಗಂಡನೂ ಹೀಗೇ ಹೇಳ್ತಿದ್ದ," ಎಂದಳು ಮಿಸ್ ಹ್ಯಾಟಿ.

ಇಪ್ಪತ್ತು ನಿಮಿಷವಾಯಿತು. ಮಿಸ್ ವರ್ಲೀನಳ ಬೆರಳುಗಳು ಎಷ್ಟು ಹೊತ್ತಿಗೆ ನಿಂತವೋ ಯಾರೂ ಗಮನಿಸಲಿಲ್ಲ. ಆಕೆಯ ಕೈ ಗಿರಾಕಿಯ ತಲೆಯ ಮೇಲೆ ಸುಮ್ಮನೆ ಕೂತದ್ದನ್ನು ಟಲ್ಲಿ ಬೆಂಡಿನಲ್ಲಿ ಯಾರೂ ಕಂಡಿರಲಿಲ್ಲ. ಇಪ್ಪತ್ತೇಳನೆಯ ನಿಮಿಷಕ್ಕೆ ಸಂಗೀತ ತಟ್ಟನೆ ನಿಂತಿತು. ಒಬ್ಬ ಹೆಂಗಸು, ದಣಿದ ಧ್ವನಿ.

ಡೆಲ್ಫೀನ್ ಕಾರ್ಡಿನ ಸಂಖ್ಯೆ ಓದಿದಳು. ಅತ್ತ ಕೀಲಿಗಳು ಟಕಟಕ ಎಂದವು.

"ಹೌದು ಮ್ಯಾಮ್, ನಿಮ್ಮ ಕಾರ್ಡು ಚಾಲ್ತಿಯಲ್ಲಿದೆ."

"ಆದ್ರೆ ನಂಗೆ… ಅರವತ್ತು ದಿನ ಶನಿವಾರವೇ ಮುಗೀತು."

"ಇಲ್ಲ ಮ್ಯಾಮ್. ಬಾಣಂತಿಯರಿಗೆ ಈಗ ಹನ್ನೆರಡು ತಿಂಗಳು. ನಿಮ್ಮದು ಮುಂದಿನ ವರ್ಷ ಆಗಸ್ಟ್ ಮೂವತ್ತೊಂದರ ತನಕ ಇದೆ."

ಮಿಸ್ ವರ್ಲೀನ್ ಫೋನಿನ ಮೇಲೆ ಬಗ್ಗಿದಳು. "ಇನ್ನೊಂದ್ಸಲ ಹೇಳಿ!"

"ನೀವು ಯಾರು ಮ್ಯಾಮ್?"

"ನಾನು ಅವಳ ತಲೆ ಬಾಚೋಳು! ಇನ್ನೊಂದ್ಸಲ ಹೇಳಿ!"

ಆಗಸ್ಟ್ ಮೂವತ್ತೊಂದು, ಎಂದಳು ಆ ಹೆಂಗಸು. ಈ ಸಲ ಅವಳ ಧ್ವನಿಯಲ್ಲೂ ಸ್ವಲ್ಪ ನಗುವಿತ್ತು. ರೆನೆಟಾ ಎರಡು ಕೈ ಮೇಲೆತ್ತಿ ಕೂಗಿದಳು. ಮಿಸ್ ಹ್ಯಾಟಿ ಎದ್ದು ನಿಂತು, ಚರ್ಚಿನಲ್ಲಿ ಪಾದ್ರಿ ಒಳ್ಳೆಯ ಮಾತು ಹೇಳಿದಾಗ ಮಾಡುವ ಹಾಗೆ ಕೈ ಬೀಸಿಕೊಳ್ಳತೊಡಗಿದಳು. ಅವಳ ಕಿವಿಯ ಹಿಂದೆ ಕಪ್ಪು ಬಣ್ಣ ಇಳಿಯುತ್ತಿತ್ತು. ನಯೋಮಿ ಎಚ್ಚೆತ್ತು ಕಿರುಚಿತು. ಈ ಗದ್ದಲದ ನಡುವೆ ಡೆಲ್ಫೀನ್ ಗೋಡೆಯ ಗಡಿಯಾರ ನೋಡಿದಳು. ಎರಡಕ್ಕೆ ಐದು ನಿಮಿಷ.

"ಎರಡೂವರೆಗೆ," ಎಂದಳು. ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ಇವತ್ತು ಎರಡೂವರೆಗೆ ನಂಗೆ ಮಾರ್ವಿನ್‌ನಲ್ಲಿ ಹಾರ್ಟ್ ಡಾಕ್ಟ್ರು ಇದ್ರು. ನಾನೇ ಬೇಡ ಅಂದ್ಬಿಟ್ಟೆ."

ಕೂಗು ನಿಂತಿತು.

"ಹಾರ್ಟ್ ಡಾಕ್ಟ್ರಾ?" ಎಂದಳು ಮಿಸ್ ವರ್ಲೀನ್. "ನಿಂಗಾ?"

"ಅರವತ್ತೈದನೇ ದಿನಕ್ಕೆ ಬರ್ತಿತ್ತು. ಅದಕ್ಕೇ…"

ಮಿಸ್ ವರ್ಲೀನ್ ಒಂದು ಕ್ಷಣ ಕನ್ನಡಿಯ ಮೂಲೆ ನೋಡಿದಳು. ಆಮೇಲೆ ಏಪ್ರನ್ ಕಿತ್ತು ಕುರ್ಚಿಯ ಮೇಲೆ ಎಸೆದಳು. "ಏಳು."

"ಜಾಗ ಬೇರೆಯವರಿಗೆ ಕೊಟ್ಟಿರ್ತಾರೆ, ಮಿಸ್ ವರ್ಲೀನ್. ತಲೆ ನೋಡಿ, ಅರ್ಧ…"

"ಡಾಕ್ಟ್ರು ನೋಡೋದು ಎದೇನಾ ತಲೇನಾ? ಏಳು ಅಂದೆ!"

"ನನ್ನ ಬಣ್ಣ?" ಎಂದಳು ಮಿಸ್ ಹ್ಯಾಟಿ.

"ಹತ್ತು ನಿಮಿಷ ಬಿಟ್ಟು ರೆನೆಟಾ ತೊಳೀತಾಳೆ."

"ಈ ಹೊರಗಿನವಳ ಕೈಗೆ ನನ್ನ ತಲೆ ಕೊಟ್ಟು ಹೋಗ್ತೀಯಾ?"

"ಸತ್ಯ ಹೇಳಿದವಳು ಅವಳೊಬ್ಬಳೇ ಅಲ್ವಾ? ನಂಬಿ!"

ಮಿಸ್ ವರ್ಲೀನಳ ಹಳೆಯ ಕಾರು ಊರು ಬಿಟ್ಟು ಹೊಲಗಳ ನಡುವಿನ ನೇರ ರಸ್ತೆಗೆ ಬಿದ್ದಿತು. ಹತ್ತಿ ಬಿಡಿಸುವ ಕಾಲ. ರಸ್ತೆಯ ಎರಡೂ ಅಂಚಿಗೆ ಹತ್ತಿಯ ಎಳೆಗಳು ಹಾರಿ ಬಂದು ಹುಲ್ಲಿಗೆ ಕಚ್ಚಿಕೊಂಡಿದ್ದವು. ಡೆಲ್ಫೀನ್ ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕುಳಿತು ಕ್ಲಿನಿಕ್ಕಿಗೆ ಫೋನು ಮಾಡುತ್ತಲೇ ಇದ್ದಳು. ಲೈನು ಬಿಡುವಿರಲಿಲ್ಲ. ನಾಲ್ಕು ಮೈಲಿ ಕೂಡ ಆಗಿರಲಿಲ್ಲ, ಮುಂದೆ ಮನೆಯಷ್ಟು ದೊಡ್ಡ ಹತ್ತಿ ಯಂತ್ರವೊಂದು ರಸ್ತೆ ತುಂಬ ತೆವಳಿಕೊಂಡು ಹೋಗುತ್ತಿತ್ತು.

ಮಿಸ್ ವರ್ಲೀನ್ ಹಾರ್ನ್ ಒತ್ತಿ ಹಿಡಿದಳು. "ಸರಿಯಪ್ಪಾ, ಸರಿ! ನಿಮ್ಮಪ್ಪನ ರಸ್ತೇನಾ ಇದು?"

"ಅವರಪ್ಪನದ್ದೇ, ಮಿಸ್ ವರ್ಲೀನ್. ಎರಡೂ ಕಡೆ ಹೊಲ ಅವರದ್ದೇ."

ಡೆಲ್ಫೀನಳಿಗೆ ತಾನು ತಮಾಷೆ ಮಾಡಿದ್ದೇ ಆಶ್ಚರ್ಯವಾಯಿತು. ಎದೆ ಡವಡವ ಎನ್ನುತ್ತಿತ್ತು. ಅದು ಕಾಯಿಲೆಯದೋ ಸಂತೋಷದ್ದೋ ಅವಳಿಗೆ ತಿಳಿಯಲಿಲ್ಲ. ಆಗಸ್ಟ್ ಎಂದರೆ ನಯೋಮಿ ನಿಂತು ನಡೆಯುವ ಹೊತ್ತು. ನಯೋಮಿ ನಡೆಯುವುದನ್ನು ತಾನು ಇಷ್ಟು ದಿನ ಮನಸ್ಸಿನಲ್ಲಿ ನೋಡಿಯೇ ಇರಲಿಲ್ಲ ಎಂಬುದು ಆಗ ಹೊಳೆಯಿತು. ಎಲ್ಲ ತಾಯಂದಿರೂ ಮಗುವಿನ ಮುಂದಿನ ದಿನಗಳನ್ನು ಎಣಿಸುತ್ತಾರಂತೆ. ಅವಳು ಉಳಿದ ದಿನಗಳನ್ನು ಎಣಿಸಿಕೊಂಡಿದ್ದಳು.

ಯಂತ್ರ ಕೊನೆಗೂ ಪಕ್ಕದ ಮಣ್ಣುದಾರಿಗೆ ತಿರುಗಿತು. ಮೇಲೆ ಕುಳಿತಿದ್ದವನು ಟೋಪಿ ಎತ್ತಿ ಕ್ಷಮೆ ಕೇಳಿದ. ಮಿಸ್ ವರ್ಲೀನ್ ಬಯ್ಯಬೇಕೆಂದವಳು ಕಂಡಿಹಲ್ಲು ತೋರಿಸಿ ನಕ್ಕು, ಕಾರು ಬಿಟ್ಟಳು.

ಮಾರ್ವಿನ್ ಕ್ಲಿನಿಕ್ಕಿನ ಬಾಗಿಲು ತಳ್ಳಿದಾಗ ಎರಡು ನಲವತ್ತು. ಕಾಯುವ ಕೋಣೆಯಲ್ಲಿ ಹತ್ತು ಹನ್ನೆರಡು ಜನ. ಎಲ್ಲರೂ ಮೊದಲು ಡೆಲ್ಫೀನಳ ಅರ್ಧ ತಲೆ ನೋಡಿದರು, ಆಮೇಲೆ ಮರ್ಯಾದೆಗೆ ಬೇರೆ ಕಡೆ ನೋಡಿದರು. ಕಿಟಕಿಯ ಹಿಂದಿನ ಹುಡುಗಿ, ಅಂಗಿಯ ಮೇಲೆ ಟ್ವೈಲಾ ಎಂಬ ಹೆಸರಿನ ಪಟ್ಟಿ, ಉದ್ದನೆಯ ನೇರಳೆ ಉಗುರುಗಳಿಂದ ಕಂಪ್ಯೂಟರು ಕುಟ್ಟಿ ನೋಡಿದಳು.

"ನೀವೇ ಸೋಮವಾರ ಫೋನ್ ಮಾಡಿ ಬೇಡ ಅಂದಿದ್ದೀರಿ."

"ಹೌದು. ಆದ್ರೆ ನನ್ನ ಕಾರ್ಡು…"

"ನಿಮ್ಮ ಜಾಗ ಇನ್ನೊಬ್ಬರಿಗೆ ಹೋಯ್ತು. ಇವತ್ತು ಪೂರ್ತಿ ತುಂಬಿದೆ, ಡಾಕ್ಟರು ನಾಲ್ಕಕ್ಕೆ ಹೊರಡ್ತಾರೆ. ಮುಂದಿನದು ನವೆಂಬರ್ ಹದಿಮೂರು. ಕೊಡ್ಲಾ?"

"ಪರವಾಗಿಲ್ಲ," ಎಂದಳು ಡೆಲ್ಫೀನ್.

ಬಾಯಿಗೆ ತಾನಾಗಿ ಬರುವ ಮಾತು ಅದು. ಕಾರ್ಖಾನೆಯಲ್ಲಿ ಪಾಳಿ ಬದಲಿಸಿದರೆ ಪರವಾಗಿಲ್ಲ, ಹೆರಿಗೆಯ ನೋವಿನ ನಡುವೆ ನರ್ಸು ಬರಲು ತಡಮಾಡಿದರೆ ಪರವಾಗಿಲ್ಲ. ತಿರುಗಿ ಎರಡು ಹೆಜ್ಜೆ ಇಟ್ಟಳು. ಕಾರಿನಿಂದ ಇಲ್ಲಿಗೆ ನಡೆದದ್ದಕ್ಕೇ ಉಸಿರು ಮೇಲೆ ಕೆಳಗಾಗುತ್ತಿತ್ತು. ನವೆಂಬರ್ ಹದಿಮೂರು. ಇನ್ನೂ ಐದು ವಾರ ಕುರ್ಚಿಯಲ್ಲೇ ನಿದ್ದೆ. ಇಲ್ಲಿಯ ತನಕ ಆ ಕುರ್ಚಿಯ ಮಾತನ್ನು ಯಾರಿಗೂ ಹೇಳಲಿಲ್ಲ ಏಕೆ? ಹೆದರಿಕೆಯಿಂದ ಮಾತ್ರವಲ್ಲ. ಅರವತ್ತು ದಿನದೊಳಗೆ ವಾಸಿಯಾಗುವ ಕಾಯಿಲೆಗಳನ್ನು ಮಾತ್ರ ಹೇಳಿಕೊಳ್ಳಬೇಕು ಎಂದು ಈ ಊರಿನ ಹೆಂಗಸರಿಗೆ ಯಾರೂ ಕಲಿಸದೆಯೇ ಗೊತ್ತಿತ್ತು. ಹಲ್ಲು ಕೀಳಿಸಬಹುದು, ಕನ್ನಡಕ ಹಾಕಿಸಬಹುದು. ಅದಕ್ಕಿಂತ ಉದ್ದದ್ದೇನಿದ್ದರೂ ಬಾಯಿ ಮುಚ್ಚಿಕೊಂಡು ಹೊರುವುದೇ. ಹೆಸರಿಟ್ಟು ಕರೆದರೆ ತಾನೇ ಅದು ಮನೆಯೊಳಗೆ ಬಂದು ಕೂರುವುದು?

ಅವಳು ತಿರುಗಿ ಕಿಟಕಿಗೆ ಬಂದಳು.

"ಪರವಾಗಿಲ್ಲ ಅಂದ್ನಲ್ಲ," ಎಂದಳು, "ಅದು ತಪ್ಪು. ಪರವಾಗಿದೆ, ಕಾಯಕ್ಕಾಗಲ್ಲ."

ಟ್ವೈಲಾ ತಲೆ ಎತ್ತಿದಳು.

"ನಂಗೆ ಮಲಗಕ್ಕೆ ಆಗಲ್ಲ. ಮೂರು ವಾರ ಆಯ್ತು. ಮಲಗಿದ್ರೆ ಮುಳುಗಿದ ಹಾಗಾಗುತ್ತೆ. ಕೂತೇ ನಿದ್ದೆ ಮಾಡ್ತೀನಿ. ಮನೆ ಮುಂದೆ ನಾಲ್ಕು ಮೆಟ್ಲಿದೆ, ಎರಡಕ್ಕೆ ನಿಂತ್ಕೋತೀನಿ. ಶೂ ಹಿಡಿಸಲ್ಲ, ನೋಡಿ." ಅವಳು ಪಾದ ಎತ್ತಿ ತೋರಿಸಿದಳು. ಕೋರ್ಡೆಲ್‌ನ ರಬ್ಬರ್ ಚಪ್ಪಲಿ, ಅದರಲ್ಲೂ ಪಾದ ಉಬ್ಬಿ ಅಂಚಿಗೆ ಬಂದಿತ್ತು. "ಮೊನ್ನೆ ಮಗು ಎತ್ಕೊಂಡು ಸ್ಟವ್ ಹತ್ರ ನಿಂತಿದ್ದಾಗ ಕಣ್ಣು ಕತ್ತಲೆ ಬಂತು. ಮಗೂನ ನೆಲಕ್ಕಿಟ್ಟು ನಾನೂ ನೆಲದ ಮೇಲೇ ಕೂತೆ. ಇದನ್ನ ನಾನು ಯಾರಿಗೂ ಹೇಳಿಲ್ಲ. ನಿಮಗೇ ಮೊದ್ಲು."

ನೇರಳೆ ಉಗುರುಗಳು ಕೀಲಿಗಳ ಮೇಲೆ ನಿಂತುಬಿಟ್ಟಿದ್ದವು.

"ಮ್ಯಾಮ್, ಇದನ್ನೆಲ್ಲ ಸೋಮವಾರ ಫೋನಲ್ಲಿ ಯಾಕೆ ಹೇಳ್ಲಿಲ್ಲ?" ಎಂದಳು ಟ್ವೈಲಾ ಮೆಲ್ಲಗೆ. ಉತ್ತರಕ್ಕೆ ಕಾಯಲಿಲ್ಲ. ಎದ್ದು ಒಳಬಾಗಿಲು ತೆಗೆದು ಕೂಗಿದಳು. ಒಬ್ಬ ನರ್ಸು ಗಾಲಿಕುರ್ಚಿ ತಳ್ಳಿಕೊಂಡು ಬಂದಳು.

ಮಿಸ್ ವರ್ಲೀನ್ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಮುಖ ಪೆಚ್ಚಾಗಿತ್ತು. "ನನ್ನ ಕುರ್ಚೀಲಿ ಬಂದು ಕೂತೆ, ಎದ್ದೆ, ಬಂದೆ, ಹೋದೆ. ಹಲ್ಲಾಯ್ತಾ, ಕಣ್ಣಾಯ್ತಾ ಅಂತ ಕೇಳ್ತಾನೇ ಇದ್ದೆ. ಒಂದ್ಮಾತು ಹೇಳ್ಬಾರ್ದಿತ್ತಾ ಮಗಳೇ?"

"ನಿಮ್ಮ ಪಟ್ಟೀಲಿ ಎದೆ ಇರ್ಲಿಲ್ಲ, ಮಿಸ್ ವರ್ಲೀನ್," ಎಂದಳು ಡೆಲ್ಫೀನ್. ಚುಚ್ಚಬೇಕೆಂದು ಅಂದದ್ದಲ್ಲ. ಆದರೂ ಚುಚ್ಚಿತು. ಗಾಲಿಕುರ್ಚಿ ಒಳಗೆ ಹೋಯಿತು.

ಡಾಕ್ಟರು ಬ್ರಿಸ್ಕೋ ಎಂಬ ಎತ್ತರದ ಹೆಂಗಸು, ಐವತ್ತರ ಆಸುಪಾಸು, ಕಾಲಿಗೆ ಓಟಗಾರರ ಶೂ. ಎದೆ ಕೇಳಿದಳು, ಕಾಲು ಒತ್ತಿ ನೋಡಿದಳು, ಬೆನ್ನು ಕೇಳಿದಳು. ತಲೆಯ ಕಡೆ ಎತ್ತರಿಸಿದ ಮಂಚದ ಮೇಲೆ ಪಕ್ಕಕ್ಕೆ ಒರಗಿಸಿ, ತಣ್ಣನೆಯ ಜೆಲ್ಲಿ ಹಚ್ಚಿ ಯಂತ್ರ ಇಟ್ಟಳು. ಪರದೆಯ ಮೇಲೆ ಬೂದುಬಣ್ಣದ ಏನೋ ಒಂದು ಹಿಗ್ಗುತ್ತ ಕುಗ್ಗುತ್ತ ಇತ್ತು. ಕೆಲವೇ ತಿಂಗಳ ಹಿಂದೆ ಇಂಥದೇ ಪರದೆಯಲ್ಲಿ ನಯೋಮಿಯ ಪುಟ್ಟ ಎದೆ ಪಟಪಟ ಎನ್ನುವುದನ್ನು ನೋಡಿದ್ದಳು. ಈಗ ತನ್ನದು, ಸೋಮಾರಿಯ ಹಾಗೆ.

"ಇದೇ ನಂದಾ?" ಎಂದಳು.

"ಇದೇ ನಿಮ್ಮದು. ದಣಿದಿದೆ," ಎಂದಳು ಡಾಕ್ಟರು. "ಹೆರಿಗೆ ಆದ್ಮೇಲೆ ಕೆಲವರಿಗೆ ಹೀಗಾಗುತ್ತೆ, ಹೃದಯದ ಬಲ ಇಳಿಯುತ್ತೆ. ಎಷ್ಟು ಒತ್ತಬೇಕೋ ಅಷ್ಟು ಒತ್ತುತ್ತಾ ಇಲ್ಲ, ಅದಕ್ಕೇ ನೀರು ನಿಂತಿದೆ. ನೀವು ಇವತ್ತು ಬಂದದ್ದು ಒಳ್ಳೇದಾಯ್ತು. ಇನ್ನೊಂದು ತಿಂಗಳು ಬಿಟ್ಟಿದ್ರೆ ನಾನು ಬೇರೆ ಥರ ಮಾತಾಡ್ತಿದ್ದೆ."

"ಸಾಯ್ತೀನಾ?"

ಡಾಕ್ಟರು ಸ್ಟೂಲನ್ನು ಹತ್ತಿರ ಎಳೆದುಕೊಂಡಳು. "ಔಷಧಿ ಇದೆ. ಹಾಲೂಡಿಸೋದಕ್ಕೆ ತೊಂದರೆ ಇಲ್ಲದ್ದನ್ನೇ ಬರೀತೀನಿ. ನೀರಿಳಿಸೋ ಮಾತ್ರೆ ಇವತ್ತೇ ಶುರು. ಮೀನಿನ ಕಾರ್ಖಾನೆ ಸದ್ಯಕ್ಕೆ ಬೇಡ, ಚೀಟಿ ಬರೆದು ಕೊಡ್ತೀನಿ. ರಾತ್ರಿ ಉಸಿರು ಇನ್ನೂ ಕಷ್ಟ ಆದ್ರೆ ಯೋಚನೆ ಮಾಡದೆ ಆಸ್ಪತ್ರೆಗೆ ಬರ್ಬೇಕು. ಬಹಳ ಜನಕ್ಕೆ ಹೃದಯ ಮೊದಲಿನ ಹಾಗೇ ಆಗುತ್ತೆ. ಆದ್ರೆ ಒಂದು ವಿಷ್ಯ." ಅವಳು ನಿಂತು ನಿಂತು ಹೇಳಿದಳು, ಕಹಿ ಮಾತನ್ನು ಹೇಳುವವರ ಹಾಗೆ. "ಇದು ಬೇಗ ಮುಗಿಯೋ ಕೆಲಸ ಅಲ್ಲ. ಮೊದಲು ವಾರಕ್ಕೊಮ್ಮೆ ನರ್ಸು ನೋಡ್ತಾರೆ, ತಿಂಗಳಿಗೊಮ್ಮೆ ನಾನು. ಆರು ತಿಂಗಳು ಹಿಡಿಯುತ್ತೋ, ಎಂಟೋ, ಹತ್ತೋ."

ಡೆಲ್ಫೀನಳಿಗೆ ನಗು ಬಂತು. ಮೊದಲು ಹೊಟ್ಟೆಯೊಳಗೆ ಸಣ್ಣಗೆ, ಆಮೇಲೆ ತಡೆಯಲಾಗದೆ, ಕೆಮ್ಮಿನ ಜೊತೆ ಬೆರೆತು. ಕಣ್ಣಲ್ಲಿ ನೀರು ಇಳಿದು ಕಿವಿಗೆ ಹೋಯಿತು. ಡಾಕ್ಟರು ಗಾಬರಿಯಿಂದ ಯಂತ್ರ ಪಕ್ಕಕ್ಕಿಟ್ಟಳು. ಈ ಮಂಚದ ಮೇಲೆ ಅಳುವವರನ್ನು ಅವಳು ಬಹಳ ನೋಡಿರಬೇಕು.

"ಹತ್ತು ತಿಂಗಳು," ಎಂದಳು ಡೆಲ್ಫೀನ್, ಉಸಿರು ಹಿಡಿದು ಹಿಡಿದು. "ತಗೊಳ್ಳಿ ಡಾಕ್ಟ್ರೇ. ಪೂರ್ತಿ ತಗೊಳ್ಳಿ. ಇವತ್ತು ಮಧ್ಯಾಹ್ನ ನನ್ನ ಹತ್ರ ಒಂದು ದಿನವೂ ಇರ್ಲಿಲ್ಲ."

ಹೊರಗೆ ಬಂದಾಗ ನಾಲ್ಕಾಗುತ್ತ ಬಂದಿತ್ತು. ಡಾಕ್ಟರು ಇನ್ನೂ ಹೊರಟಿರಲಿಲ್ಲ, ಉಳಿದವರನ್ನು ನೋಡುತ್ತಿದ್ದಳು. ಪಕ್ಕದ ಔಷಧಿ ಅಂಗಡಿಯವನು ಕಾರ್ಡು ಉಜ್ಜಿ, ತಲೆಯಾಡಿಸಿ, ಮೂರು ಡಬ್ಬಿ ಕೊಟ್ಟ. ಡೆಲ್ಫೀನ್ ಮೊದಲ ಮಾತ್ರೆಯನ್ನು ಅಲ್ಲೇ ನಿಂತು ನುಂಗಿದಳು. ಕಾರಿನಲ್ಲಿ ಮಗುವಿಗೆ ಹಾಲೂಡಿಸುತ್ತ ಡಾಕ್ಟರು ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು.

ಮಿಸ್ ವರ್ಲೀನ್ ಕೀಲಿ ತಿರುಗಿಸಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಕುಳಿತಿದ್ದಳು.

"ಹೋದ ವರ್ಷದಿಂದ ಎಷ್ಟು ಹೆಸರು ಅಳಿಸಿದ್ದೀನಿ ಗೊತ್ತಾ ನಾನು?" ಎಂದಳು. "ಮುಗೀತು ಮಗಳೇ, ಇನ್ನು ದೇವರೇ ಗತಿ ಅಂತ ಹೇಳಿ ಹೇಳಿ ಕಳಿಸಿದ್ದೀನಿ. ಹನ್ನೊಂದು ಜನ. ನನ್ನ ಬಾಯಿಂದಾನೇ."

"ನಿಮಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ದೇ ಇದ್ರೂ ಜೋರಾಗಿ ಹೇಳ್ತಿದ್ನಲ್ಲ! ಅದು ನೋಡು ನನ್ನ ಕಾಯಿಲೆ." ಆಕೆ ಮೂಗು ಒರೆಸಿಕೊಂಡು, ತನ್ನ ಫೋನನ್ನು ಡೆಲ್ಫೀನಳ ಕಡೆ ಚಾಚಿದಳು. "ಫೋನ್ ಮಾಡು. ಮನೆಗೆ ಹೋಗೋ ತನಕ ಕಾಯಕ್ಕಾಗಲ್ಲ."

"ಮೊದ್ಲು ಯಾರಿಗೆ?"

"ಜೆರಿಲಿನ್‌ಗೆ. ಬಟ್ಟೆ ಒಗೆಯೋ ಅಂಗಡೀಲಿ ಇದ್ದಾಳಲ್ಲ. ಮಾರ್ಚಲ್ಲಿ ಹೆತ್ತಳು. ಅವಳಿಗೆ ಇನ್ನೂ ಮಾರ್ಚ್ ತನಕ ಇರುತ್ತೆ, ಅಲ್ವಾ? ಇರುತ್ತೆ. ಮಾಡು!"

ಎರಡನೆಯ ರಿಂಗಿಗೇ ಜೆರಿಲಿನ್ ಎತ್ತಿಕೊಂಡಳು. ಹಿಂದೆ ಯಂತ್ರಗಳು ಗಿರಗಿರ ತಿರುಗುವ ಸದ್ದು. ಮಿಸ್ ವರ್ಲೀನ್ ಸ್ಪೀಕರಿನೊಳಗೆ ಒಂದೇ ಉಸಿರಿಗೆ ಎಲ್ಲ ಕೂಗಿ ಹೇಳಿದಳು: ಅರವತ್ತು ಸುಳ್ಳು, ಒಂದು ವರ್ಷ, ಕಾರ್ಡು ಎಸೆದಿದ್ದರೆ ಹುಡುಕು, ಸಿಗದಿದ್ದರೆ ಹೊಸದು ಕೇಳು.

"ಮಿಸ್ ವರ್ಲೀನ್, ಬಿಸಿಲಲ್ಲಿ ನಿಂತಿದ್ರಾ?" ಎಂದಳು ಜೆರಿಲಿನ್. "ಇಲ್ಲಾ ಮಿಸ್ ಹ್ಯಾಟಿ ಜೊತೆ ಸೇರಿ ಏನಾದ್ರೂ ಕುಡಿದ್ರಾ?"

"ನಿಜ ಕಣೇ," ಎಂದಳು ಡೆಲ್ಫೀನ್. "ನಾನು ಈಗಷ್ಟೇ ಡಾಕ್ಟ್ರ ಹತ್ರದಿಂದ ಬಂದೆ. ಔಷಧಿ ಕೈಯಲ್ಲೇ ಇದೆ. ಅರ್ಧ ತಲೆ ಜಡೆ ಹಾಕ್ಕೊಂಡು ಹೋಗಿದ್ದೆ."

ಜೆರಿಲಿನ್ ನಕ್ಕಳು. ಆಮೇಲೆ ನಗು ನಿಂತಿತು. ಒಂದು ಬಾಗಿಲು ಹಾಕಿಕೊಂಡ ಸದ್ದಾಯಿತು, ಯಂತ್ರಗಳು ದೂರವಾದವು.

"ಡೆಲ್ಫೀನ್, ಸ್ಪೀಕರ್ ಆಫ್ ಮಾಡು," ಎಂದಳು ಅವಳು. "ಒಂದು ವಿಷ್ಯ ಇದೆ. ಯಾರಿಗೂ ಹೇಳಿಲ್ಲ."

ಡೆಲ್ಫೀನ್ ಫೋನನ್ನು ಕಿವಿಗಿಟ್ಟುಕೊಂಡಳು. "ಹೇಳು," ಎಂದಳು. "ನಿಧಾನಕ್ಕೆ ಹೇಳು."

ಮಿಸ್ ವರ್ಲೀನ್ ಅವಳ ಮುಖ ನೋಡಿದಳು. ಏನೂ ಕೇಳದೆ ಕಾರಿನಿಂದಿಳಿದು ಬಂದು, ಹಾಲು ಕುಡಿದು ಜೋಂಪು ಹತ್ತಿದ್ದ ನಯೋಮಿಯನ್ನು ಎತ್ತಿಕೊಂಡು, ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿ, ಅಂಗಳದ ಆ ತುದಿಯವರೆಗೂ ಮಗುವಿನ ಬೆನ್ನು ತಟ್ಟುತ್ತ ನಡೆದು ಹೋದಳು.